ಹಿಮದ ಬುಡದಿಂದ ದ್ರಾಕ್ಷಿ ತೋಟದವರೆಗೆ: ಅಪ್ಪ-ಅಮ್ಮನ ಜೊತೆ ನ್ಯೂಜಿಲೆಂಡಿನಲ್ಲಿ ಕ್ಯಾಂಪರ್‌ವ್ಯಾನ್

ಹಾಸನದ ಮಗ (ಮೆಲ್ಬರ್ನ್)

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ಸೆಪ್ಟೆಂಬರ್ ಕೊನೆಗೆ ಅಪ್ಪ-ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ 67, ಅಮ್ಮನಿಗೆ 61. ಅಮ್ಮನಿಗೆ ಒಂದು ಮಂಡಿ ನೋವು. ಇಬ್ಬರೂ ಹಿಮ ನೋಡಿಲ್ಲ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಕ್ಯಾಂಪರ್‌ವ್ಯಾನ್ ತಗೊಂಡು ಹಿಮದ ಬೆಟ್ಟದಿಂದ ವೈನ್ ಸೀಮೆವರೆಗೆ ಹೋಗೋಣ ಅಂತ ನನ್ನ ಹೆಂಡತಿಯ ಆಸೆ.

ನಮ್ಮ ಹತ್ತಿರ 6 ದಿನ ಇದೆ. ಈಗಿನ ಲೆಕ್ಕ ಹೀಗಿದೆ: ಕ್ರೈಸ್ಟ್‌ಚರ್ಚ್‌ನಲ್ಲಿ ಗಾಡಿ ತಗೊಳ್ಳೋದು, ಟೆಕಾಪೊ, ಮೌಂಟ್ ಕುಕ್, ವಾನಾಕ, ಕ್ವೀನ್ಸ್‌ಟೌನ್, ಮಿಲ್‌ಫರ್ಡ್ ಸೌಂಡ್, ಮತ್ತೆ ವಾಪಸ್ ಕ್ರೈಸ್ಟ್‌ಚರ್ಚ್. ವ್ಯಾನ್ ಇದುವರೆಗೆ ಓಡಿಸಿಲ್ಲ. ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ತಿಕೋಟಾದ ಮಗಳು (ಕ್ರೈಸ್ಟ್‌ಚರ್ಚ್)

ನಾವು ಈ ದಾರಿಯಲ್ಲಿ ಹೋಗಿ ಬಂದು ಇನ್ನೂ ಎರಡು ವಾರ ಆಗಿಲ್ಲ. ನಾನು, ನನ್ನ ಗಂಡ, ವಿಜಯಪುರದಿಂದ ಬಂದಿದ್ದ ಅಪ್ಪ-ಅಮ್ಮ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಒಂದು ಮಾತು. ನಿಮ್ಮ ಪಟ್ಟಿಯಿಂದ ಮಿಲ್‌ಫರ್ಡ್ ತೆಗೆದುಬಿಡಿ. ವಾಪಸ್ ಕ್ರೈಸ್ಟ್‌ಚರ್ಚಿಗೆ ಬರುವುದನ್ನೂ ತೆಗೆಯಿರಿ. ಗಾಡಿಯನ್ನು ಕ್ವೀನ್ಸ್‌ಟೌನ್‌ನಲ್ಲೇ ಬಿಟ್ಟು ವಿಮಾನ ಹತ್ತಿ. 6 ದಿನದಲ್ಲಿ ನಿಮ್ಮ ಲೆಕ್ಕ ಹಿಡಿದರೆ ಅಪ್ಪ-ಅಮ್ಮ ನೋಡುವುದು ಬರೀ ಕಿಟಕಿ. ವ್ಯಾನ್ ಕಾರಿನ ಹಾಗೆ ಓಡುವುದಿಲ್ಲ. ಮ್ಯಾಪ್ 3 ಗಂಟೆ ಅಂದರೆ ನೀವು 4 ಗಂಟೆ ಅಂದುಕೊಳ್ಳಿ. 3.5 ಟನ್‌ಗಿಂತ ಭಾರದ ಗಾಡಿಗೆ ಹೆದ್ದಾರಿಯಲ್ಲೂ 90ರ ಮಿತಿ.

ನಾವು ಹೋದದ್ದು ಹೀಗೆ. ಮೊದಲ ದಿನ ಜೆರಾಲ್ಡೀನ್, ಫೇರ್ಲಿ ದಾಟಿ ಟೆಕಾಪೊ, ಸುಮಾರು 225 ಕಿಮೀ. ಎರಡನೇ ದಿನ ಪುಕಾಕಿ ಕೆರೆಯ ದಂಡೆ ಹಿಡಿದು ಮೌಂಟ್ ಕುಕ್. ಅಲ್ಲಿ 2 ರಾತ್ರಿ. ನಾಲ್ಕನೇ ದಿನ ಟ್ವೈಝಲ್, ಓಮರಾಮ, ಲಿಂಡಿಸ್ ಪಾಸ್ ಹತ್ತಿಳಿದು ಕ್ರಾಮ್‌ವೆಲ್. ಅಲ್ಲೂ 2 ರಾತ್ರಿ. ಕೊನೆಯ ದಿನ ಗಿಬ್ಸ್‌ಟನ್ ಕಣಿವೆ ಹಾದು ಕ್ವೀನ್ಸ್‌ಟೌನ್.

ಮೌಂಟ್ ಕುಕ್ ಹಳ್ಳಿಯಿಂದ ಕ್ರಾಮ್‌ವೆಲ್‌ಗೆ ಸುಮಾರು 200 ಕಿಮೀ ಅಷ್ಟೇ. ಬೆಳಿಗ್ಗೆ ನೀರ್ಗಲ್ಲಿನ (ಗ್ಲೇಸಿಯರ್) ಬುಡದಲ್ಲಿ ಚಹಾ ಕುಡಿದು ಮಧ್ಯಾಹ್ನ ದ್ರಾಕ್ಷಿ ಬಳ್ಳಿಯ ಪಕ್ಕ ಊಟ ಮಾಡಿದೆವು. ಹಿಮ ಮತ್ತು ದ್ರಾಕ್ಷಿ ಇಷ್ಟು ಹತ್ತಿರ ಯಾಕಿವೆ ಅನ್ನುವುದೇ ಈ ದಾರಿಯ ಜೀವ. ಅದು ತಿಳಿದರೆ ಬೇರೆ ಊರುಗಳನ್ನು ಬಿಟ್ಟ ಬೇಸರ ಇರುವುದಿಲ್ಲ. ಅದನ್ನು ಆಮೇಲೆ ಬರೆಯುತ್ತೇನೆ, ಈಗ ಅಡುಗೆಗೆ ಹೊತ್ತಾಯಿತು.

ಬಯಲುಸೀಮೆ (ಹೊಸದುರ್ಗ)

ಅದನ್ನು ನಾನು ಊಹಿಸಬಲ್ಲೆ ತಂಗಿ. ನಮ್ಮ ಸಹ್ಯಾದ್ರಿ ಮಾಡುವ ಕೆಲಸವನ್ನೇ ಅಲ್ಲಿಯ ಬೆಟ್ಟಸಾಲೂ ಮಾಡುತ್ತದೆ, ಅಲ್ವಾ? ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಮೀ ಮೇಲೆ ಸುರಿಯುತ್ತದೆ. ನಮ್ಮ ಕಡೆ ಬರುವ ಹೊತ್ತಿಗೆ ಮೋಡದಲ್ಲಿ ಏನೂ ಉಳಿದಿರುವುದಿಲ್ಲ.

ತಿಕೋಟಾದ ಮಗಳು

ಹೌದು ಅಣ್ಣಾ, ಅದೇ. ಪಡುವಣ ಗಾಳಿ ಸಮುದ್ರದಿಂದ ನೀರು ಹೊತ್ತು ಬಂದು ದಕ್ಷಿಣ ಆಲ್ಪ್ಸ್‌ಗೆ ಗುದ್ದುತ್ತದೆ. ಮಿಲ್‌ಫರ್ಡ್ ಕಡೆ ವರ್ಷಕ್ಕೆ 6 ಸಾವಿರ ಮಿಮೀ ಮೇಲೆ ಮಳೆ. ಬೆಟ್ಟದ ಮೇಲೆ ಅದು ಹಿಮವಾಗಿ ಬೀಳುತ್ತದೆ. ಈಚೆ ಕ್ರಾಮ್‌ವೆಲ್‌ಗೆ ಸಿಗುವುದು ಸುಮಾರು 400 ಮಿಮೀ ಮಾತ್ರ. ನಮ್ಮ ವಿಜಯಪುರಕ್ಕಿಂತ ಕಡಿಮೆ! ಗಾಳಿ ಒಣಗಿರುವುದರಿಂದ ಕೊಳೆ ರೋಗದ ಕಾಟ ಕಡಿಮೆ. ಬೇಸಿಗೆಯಲ್ಲಿ ಹಗಲು ಸುಡುತ್ತದೆ, ರಾತ್ರಿ ನಡುಗಿಸುತ್ತದೆ. ಪಿನೋ ನುವಾರ್ ಅನ್ನುವ ಕಪ್ಪು ದ್ರಾಕ್ಷಿಗೆ ಅಂಥ ಹವೆ ಬೇಕಂತೆ. ಅಲ್ಲಿ ಬಹುಪಾಲು ತೋಟ ಅದರದೇ.

ಅಂದರೆ ಆ ಹಿಮದ ಗೋಡೆ ಇಲ್ಲದಿದ್ದರೆ ಈ ದ್ರಾಕ್ಷಿಯೂ ಇಲ್ಲ. ನಾವು ಎರಡು ಜಾಗ ನೋಡಲು ಹೋಗುವುದಲ್ಲ. ಒಂದೇ ಬೆಟ್ಟದ ಎರಡು ಮಗ್ಗುಲು ನೋಡಲು ಹೋಗುವುದು.

ಕಾಡುಮಲ್ಲಿಗೆ (ಆಕ್ಲೆಂಡ್)

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ವಯಸ್ಸಾದವರ ಜೊತೆ ಕ್ಯಾಂಪರ್‌ವ್ಯಾನ್ ಬೇಡ. ನಾವು ಅತ್ತೆ-ಮಾವನ ಜೊತೆ ಹೋಗಿದ್ದೆವು. ನಾಲ್ಕು ಜನರ ಗಾಡಿಯಲ್ಲಿ ಒಂದು ಹಾಸಿಗೆ ಡ್ರೈವರ್ ತಲೆಯ ಮೇಲೆ ಇರುತ್ತದೆ, ಏಣಿ ಹತ್ತಬೇಕು. ಇನ್ನೊಂದನ್ನು ದಿನಾ ರಾತ್ರಿ ಮೇಜು ಕೆಳಗಿಳಿಸಿ ಮಾಡಬೇಕು. ಮಾವ ರಾತ್ರಿ ಎರಡು ಸಲ ಏಳುತ್ತಾರೆ, ಎದ್ದಾಗ ಎಲ್ಲರಿಗೂ ಎಚ್ಚರ. ಮೂರನೇ ದಿನ ಅತ್ತೆ ನನ್ನನ್ನು ಬದಿಗೆ ಕರೆದು, "ಒಂದು ರಾತ್ರಿ ನೆಟ್ಟಗೆ ಕಾಲು ಚಾಚಿ ಮಲಗ್ಬೇಕಮ್ಮಾ" ಅಂದರು. ನನಗೆ ಅಳು ಬಂತು.

ಕಾರು ತಗೊಂಡು ಅಡುಗೆಮನೆ ಇರುವ ಮೋಟೆಲ್‌ಗಳಲ್ಲಿ ಉಳಿಯಿರಿ. ಖರ್ಚೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ.

ಗಾಲಿ ಮೇಲೆ (ಡುನೀಡಿನ್)

ಮಲ್ಲಿಗೆ ಅವರ ಮಾತಿನಲ್ಲಿ ಸತ್ಯ ಇದೆ. ನಾನು 9 ವರ್ಷದಿಂದ ವ್ಯಾನ್‌ನಲ್ಲಿ ತಿರುಗುತ್ತಿದ್ದೇನೆ, ಆದರೂ ಒಪ್ಪುತ್ತೇನೆ. ಖರ್ಚಿನ ಬಗ್ಗೆ ಒಂದು ವಿಷಯ. ಇಲ್ಲಿ ಡೀಸೆಲ್ ಗಾಡಿಗೆ ಕಿಲೋಮೀಟರ್ ಲೆಕ್ಕದಲ್ಲಿ ರಸ್ತೆ ಶುಲ್ಕ ಇದೆ. ಬಂಕಿನ ಬೆಲೆಯಲ್ಲಿ ಅದು ಸೇರಿರುವುದಿಲ್ಲ. ಬಾಡಿಗೆ ಗಾಡಿ ವಾಪಸ್ ಕೊಡುವಾಗ ಸೇರಿಸುತ್ತಾರೆ. ಡೀಸೆಲ್ ಅಗ್ಗ ಅಂತ ಖುಷಿಪಟ್ಟವರು ಕೊನೆಗೆ ಬಿಲ್ ನೋಡಿ ಗಾಬರಿಯಾಗುತ್ತಾರೆ. ಮೊದಲೇ ಕೇಳಿ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ವ್ಯಾನೇ ಅಂತ ತೀರ್ಮಾನವಾದರೆ ಆರು ಜನರ ಗಾಡಿ ತಗೊಳ್ಳಿ. ಹಿಂದೆ ಖಾಯಂ ಹಾಸಿಗೆ ಇರುವುದನ್ನು ಕೇಳಿ ತಗೊಂಡರೆ ಅಪ್ಪ-ಅಮ್ಮ ಏಣಿ ಹತ್ತಬೇಕಿಲ್ಲ, ಅವರ ಹಾಸಿಗೆ ದಿನಾ ಕಟ್ಟಿ ಬಿಚ್ಚಬೇಕಿಲ್ಲ.

ತಿಕೋಟಾದ ಮಗಳು

ಮಲ್ಲಿಗೆ ಅವರೇ, ನೀವು ಹೇಳಿದ್ದು ನಮಗೂ ಆಯಿತು. ನಾವು ಆರು ಜನರ ಗಾಡಿಯನ್ನೇ ತಗೊಂಡಿದ್ದೆವು. ಆದರೂ ಮೌಂಟ್ ಕುಕ್‌ನ ಮೊದಲ ರಾತ್ರಿ ಅಮ್ಮನಿಗೆ ಥಂಡಿ ತಡೆಯಲಿಲ್ಲ. ಹೀಟರ್ ಇತ್ತು, ಆದರೆ ನಮಗೆ ಗೊತ್ತಿಲ್ಲದೆ ಹಗಲೆಲ್ಲ ಒಳಗಿನ ದೀಪ, ಪಂಪ್, ಫೋನ್ ಚಾರ್ಜಿಂಗ್ ಅಂತ ವ್ಯಾನಿನ ಒಳಬಳಕೆಯ ಬ್ಯಾಟರಿ ಖಾಲಿ ಮಾಡಿದ್ದೆವು. ಬೆಳಗಿನ ಜಾವ 3ಕ್ಕೆ ಹೀಟರ್‌ನ ಫ್ಯಾನ್ ನಿಂತಿತು. ಹೊರಗೆ ಸೊನ್ನೆಗಿಂತ ಕೆಳಗೆ. ನಾನು, ನನ್ನ ಗಂಡ ನಮ್ಮ ರಜಾಯಿಗಳನ್ನೂ ಅವರಿಗೇ ಹೊದಿಸಿ ಬೆಳಗಾಗುವವರೆಗೆ ಕೂತಿದ್ದೆವು. ನೀರಿನ ಪೈಪೂ ಹೆಪ್ಪುಗಟ್ಟಿತ್ತು.

ಅದಕ್ಕೆ ಹೇಳುತ್ತೇನೆ, ಬಯಲಲ್ಲಿ ಒಂದು ರಾತ್ರಿ ಉಳಿದರೆ ಮಾರನೇ ರಾತ್ರಿ ಕರೆಂಟ್ ಸಿಗುವ ಜಾಗದಲ್ಲಿ ಉಳಿಯಿರಿ. ಮೌಂಟ್ ಕುಕ್‌ನ ವೈಟ್ ಹಾರ್ಸ್ ಹಿಲ್ ಕ್ಯಾಂಪಿನಲ್ಲಿ ಕರೆಂಟ್ ಇಲ್ಲ. ಸಂರಕ್ಷಣಾ ಇಲಾಖೆಯವರ ಜಾಗ ಅದು. ಮಲಗುವಾಗ ಬಾಟಲಿಗಳಲ್ಲಿ ನೀರು ತುಂಬಿ ಒಳಗಿಟ್ಟುಕೊಳ್ಳಿ. ಎರಡನೇ ರಾತ್ರಿ ಅಪ್ಪ-ಅಮ್ಮನಿಗೆ ಹಳ್ಳಿಯಲ್ಲಿ ರೂಮ್ ಮಾಡಿದೆವು. ಹಣ ಹೋಯಿತು, ಆದರೆ ಅಮ್ಮ ಬೆಳಿಗ್ಗೆ ನಗುತ್ತಾ ಎದ್ದರು. ಹಾಸನದ ಅಣ್ಣಾ, ಇದನ್ನು ಮೊದಲೇ ಯೋಜನೆಯಲ್ಲಿ ಸೇರಿಸಿ.

ಇಷ್ಟಾದರೂ ವ್ಯಾನೇ ಬೇಕು ಅಂತ ಯಾಕೆ ಹೇಳುತ್ತೇನೆ ಅಂದರೆ ಅದೇ ಬೆಳಿಗ್ಗೆಯ ಕಾರಣಕ್ಕೆ. 6 ಗಂಟೆಗೆ ಅಪ್ಪ ಬಾಗಿಲು ತೆಗೆದರು. ಎದುರಿಗೆ ಮೌಂಟ್ ಸೆಫ್ಟನ್, ಅದರ ಮೈಮೇಲೆ ನೇತಾಡುವ ನೀರ್ಗಲ್ಲು. ಬಿಸಿಲು ಮೊದಲು ತುದಿಗೆ ಬಿತ್ತು. ಆಮೇಲೆ ನಿಧಾನ ಇಳಿದು ಬಂತು. ಎಲ್ಲೋ ಮೇಲೆ ಹಿಮ ಕುಸಿದ ಸದ್ದು ಗುಡುಗಿನ ಹಾಗೆ ಕೇಳಿತು. ಅಪ್ಪ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತರು. ಚಹಾ ಆರಿ ತಣ್ಣಗಾಯಿತು, ಅವರಿಗೆ ಗೊತ್ತೇ ಇಲ್ಲ. ಮೋಟೆಲ್‌ನ ಕಿಟಕಿಯಿಂದ ಅದು ಸಿಗುತ್ತಿರಲಿಲ್ಲ.

ಕಾಡುಮಲ್ಲಿಗೆ

ಇದನ್ನು ಓದಿ ನನ್ನ ಮಾವನಿಗೆ ತೋರಿಸಿದೆ. "ನಾವು ಹೋಗಿದ್ದು ತಪ್ಪು ತಿಂಗಳು ಅನ್ಸುತ್ತೆ, ಇನ್ನೊಂದ್ಸಲ ಹೋಗೋಣ" ಅಂತಿದ್ದಾರೆ. ರೂಮ್ ಮತ್ತು ವ್ಯಾನ್ ಎರಡನ್ನೂ ಬೆರೆಸುವುದು ನನಗೆ ಹೊಳೆದಿರಲಿಲ್ಲ.

ಚುಕ್ಕಿ (ಮೈಸೂರು)

ಟೆಕಾಪೊದಲ್ಲಿ ದಯವಿಟ್ಟು ರಾತ್ರಿ 10ರ ಮೇಲೆ ಹೊರಗೆ ಬನ್ನಿ. ಟೆಕಾಪೊ, ಮೌಂಟ್ ಕುಕ್ ಸೇರಿದ ಮೆಕೆಂಝಿ ಬಯಲನ್ನು 2012ರಲ್ಲಿ ಅಂತರರಾಷ್ಟ್ರೀಯ ಕತ್ತಲ ಆಕಾಶದ ಮೀಸಲು ಪ್ರದೇಶ ಅಂತ ಗುರುತಿಸಿದ್ದಾರೆ. ಬೀದಿ ದೀಪಗಳಿಗೂ ಅಲ್ಲಿ ನಿಯಮ ಇದೆ. ಮ್ಯಾಜೆಲಾನಿಕ್ ಮೋಡಗಳು ಅಂತ ಎರಡು ಗ್ಯಾಲಕ್ಸಿಗಳು ಬರಿಗಣ್ಣಿಗೆ ಕಾಣುತ್ತವೆ. ನಮ್ಮೂರಿನಿಂದ ಅವನ್ನು ನೋಡುವುದು ಬಹಳ ಕಷ್ಟ. ಹುಣ್ಣಿಮೆ ಹತ್ತಿರ ಹೋಗಬೇಡಿ.

ಹಾಸನದ ಮಗ

ತುಂಬಾ ಧನ್ಯವಾದ ಎಲ್ಲರಿಗೂ. ಮಿಲ್‌ಫರ್ಡ್ ತೆಗೆದೆ. ಹೆಂಡತಿಗೂ ಒಪ್ಪಿಗೆ. ಇನ್ನು ಕೆಲವು ಪ್ರಶ್ನೆ: ಟಾಯ್ಲೆಟ್ ಹೇಗೆ? ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದಾ? ನನ್ನ ತಮ್ಮ ಬೆಂಗಳೂರಿನಿಂದ ಬಂದರೆ ಅವನ ಲೈಸೆನ್ಸ್ ನಡೆಯುತ್ತದಾ? ಸೆಪ್ಟೆಂಬರ್‌ನಲ್ಲಿ ರಸ್ತೆ ಮೇಲೆ ಹಿಮ ಇರುತ್ತದಾ?

ಗಾಲಿ ಮೇಲೆ

ಒಂದೊಂದಾಗಿ ಹೇಳುತ್ತೇನೆ.

ಲೈಸೆನ್ಸ್: ಕರ್ನಾಟಕದ ಡಿಎಲ್ ಇಂಗ್ಲಿಷಿನಲ್ಲೂ ಇರುವುದರಿಂದ ಪ್ರವಾಸಕ್ಕೆ ಬಂದವರಿಗೆ ಸಾಕು. ಇಲ್ಲೂ ಎಡಗಡೆಯೇ ಓಡಿಸುವುದು. ಆದರೆ ಒಂದು ಗಾಡಿ ಮಾತ್ರ ಹೋಗುವ ಸೇತುವೆಗಳು ಬಹಳ. ಬೋರ್ಡಿನಲ್ಲಿ ನಿಮ್ಮ ಕಡೆಯದು ಸಣ್ಣ ಕೆಂಪು ಬಾಣವಾಗಿದ್ದರೆ ನೀವು ನಿಂತು ಎದುರಿನವರಿಗೆ ದಾರಿ ಬಿಡಬೇಕು. ಹಿಂದೆ ಗಾಡಿಗಳ ಸಾಲು ಬೆಳೆದರೆ ಪಕ್ಕಕ್ಕೆ ತಗೊಂಡು ಬಿಡಿ. ಇಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ, ಅದಕ್ಕೇ ಕನ್ನಡಿ ನೋಡುತ್ತಿರಬೇಕು.

ಮಲಗುವುದು: ಎಲ್ಲಿ ಬೇಕಾದರೂ ಆಗಲ್ಲ. 2023ರಲ್ಲಿ ಕಾನೂನು ಬದಲಾಯಿತು. ನಗರಸಭೆ ಜಾಗಗಳಲ್ಲಿ ಉಚಿತವಾಗಿ ಉಳಿಯಲು ಸಾಮಾನ್ಯವಾಗಿ ಗಾಡಿಯೊಳಗೆ ಕೂರಿಸಿದ ಟಾಯ್ಲೆಟ್ ಇರಬೇಕು, ಹಸಿರು ಪ್ರಮಾಣಪತ್ರದ ಚೀಟಿ ಅಂಟಿಸಿರಬೇಕು. ಎತ್ತಿಡುವ ಸಣ್ಣ ಟಾಯ್ಲೆಟ್ ಇದ್ದರೆ ಈಗ ನಡೆಯಲ್ಲ. ಬೋರ್ಡ್ ಓದದೆ ಮಲಗಿದರೆ ದಂಡ ಕಡಿಮೆ ಅಂದರೂ 400 ಡಾಲರ್.

ಟಾಯ್ಲೆಟ್: ಕೆಳಗೆ ಕ್ಯಾಸೆಟ್ ಅಂತ ಒಂದು ಡಬ್ಬ ಇರುತ್ತದೆ. ಹೊರಗಿನ ಬಾಗಿಲಿನಿಂದ ಎಳೆದು ಡಂಪ್ ಸ್ಟೇಷನ್‌ನಲ್ಲಿ ಖಾಲಿ ಮಾಡಬೇಕು. ಊರೂರಿಗೂ ಡಂಪ್ ಸ್ಟೇಷನ್ ಇದೆ. ಕೈಗವಸು ಇಟ್ಟುಕೊಳ್ಳಿ, ದಿನಾ ಖಾಲಿ ಮಾಡಿ, ಆಗ ಏನೂ ಕಷ್ಟ ಅನ್ನಿಸಲ್ಲ. ಪಾತ್ರೆ ತೊಳೆದ ನೀರಿಗೆ ಬೇರೆ ಟ್ಯಾಂಕ್. ಅದನ್ನೂ ಅಲ್ಲೇ ಬಿಡಬೇಕು. ರಸ್ತೆ ಬದಿಗೆ, ಕೆರೆ ಹತ್ತಿರ ಯಾವ ಕಾರಣಕ್ಕೂ ಬಿಡಬೇಡಿ. ಆ ಕೆರೆಗಳ ನೀರು ಅಷ್ಟು ಚೊಕ್ಕಟ ಇರುವುದು ಎಲ್ಲರೂ ಈ ನಿಯಮ ಪಾಲಿಸುವುದರಿಂದ.

ಹಿಮ: ಲಿಂಡಿಸ್ ಪಾಸ್ 971 ಮೀಟರ್ ಎತ್ತರ. ಸೆಪ್ಟೆಂಬರ್ ಕೊನೆಗೂ ಒಮ್ಮೊಮ್ಮೆ ಹಿಮ ಬಿದ್ದು ಮುಚ್ಚುತ್ತಾರೆ. ಚಕ್ರಕ್ಕೆ ಹಾಕುವ ಸರಪಳಿ ಬಾಡಿಗೆಗೆ ತಗೊಳ್ಳಿ. ಕ್ರೈಸ್ಟ್‌ಚರ್ಚ್‌ನಲ್ಲೇ ಒಮ್ಮೆ ಹಾಕಿ ಬಿಚ್ಚಿ ಅಭ್ಯಾಸ ಮಾಡಿ. ಕತ್ತಲಲ್ಲಿ, ಕೈ ಮರಗಟ್ಟಿದಾಗ ಕಲಿಯುವುದಕ್ಕೆ ಆಗಲ್ಲ. ವಾನಾಕದಿಂದ ಕ್ವೀನ್ಸ್‌ಟೌನ್‌ಗೆ ಕ್ರೌನ್ ರೇಂಜ್ ಅಂತ ಹತ್ತಿರದ ದಾರಿ ಇದೆ, 1076 ಮೀಟರ್. ದೊಡ್ಡ ವ್ಯಾನ್ ಜೊತೆ ಅದು ಬೇಡ. ಬಾಡಿಗೆ ಕರಾರಿನಲ್ಲಿ ಯಾವ ರಸ್ತೆಗೆ ವಿಮೆ ಇಲ್ಲ ಅಂತ ಬರೆದಿರುತ್ತಾರೆ, ಓದಿ. ಕ್ರಾಮ್‌ವೆಲ್ ಮೂಲಕ ಕವರಾವ್ ಕಣಿವೆಯ ರಸ್ತೆ ಸಾಕು.

ಇನ್ನೊಂದು: ಗಾಳಿ. ಪುಕಾಕಿ ಕೆರೆ ಪಕ್ಕ ಬಾಗಿಲು ತೆಗೆಯುವಾಗ ಎರಡು ಕೈಯಲ್ಲಿ ಹಿಡಿಯಿರಿ. ನನ್ನ ಗೆಳೆಯನ ಕೈಯಿಂದ ಬಾಗಿಲು ಕಿತ್ತು ಹಿಂದಕ್ಕೆ ಮಡಚಿಹೋಯಿತು. ಗಾಳಿಯ ಎಚ್ಚರಿಕೆ ಇದ್ದ ದಿನ ಎತ್ತರದ ಗಾಡಿ ಹೊರಡಿಸಬೇಡಿ. ಒಂದು ದಿನ ಹೋದರೆ ಹೋಗಲಿ.

ಸಾಗರದ ಹುಡುಗ (ವೆಲಿಂಗ್ಟನ್)

ಕಿಯಾ ಬಗ್ಗೆ ಯಾರೂ ಹೇಳಲಿಲ್ಲ! ಬೆಟ್ಟದಲ್ಲಿರುವ ಹಸಿರು ಗಿಣಿ ಅದು, ರೆಕ್ಕೆ ಬಿಚ್ಚಿದರೆ ಕೆಳಗೆ ಕೆಂಡದ ಬಣ್ಣ. ಬಹಳ ಬುದ್ಧಿವಂತ ಹಕ್ಕಿ. ಗಾಡಿಯ ರಬ್ಬರ್ ಅಂದರೆ ಪ್ರಾಣ. ನಮ್ಮ ವೈಪರ್‌ನ ರಬ್ಬರನ್ನು ತುದಿಯಿಂದ ಹಿಡಿದು ಪಟ್ಟಿಯಂತೆ ಎಳೆದು ಹಾಕಿತ್ತು. ಕೋಪ ಬಂದರೂ ಓಡಿಸಲು ಮನಸ್ಸು ಬರಲಿಲ್ಲ, ಅಳಿವಿನ ಅಂಚಿನಲ್ಲಿರುವ ಹಕ್ಕಿ. ತಿಂಡಿ ಮಾತ್ರ ಹಾಕಲೇಬೇಡಿ. ತಿಂಡಿ ರುಚಿ ಹತ್ತಿದರೆ ರಸ್ತೆಗೆ ಬಂದು ಗಾಡಿಗೆ ಸಿಕ್ಕಿ ಸಾಯುತ್ತವೆ.

ಅಮ್ಮನಿಗೆ ಮಂಡಿ ನೋವು ಅಂದಿರಿ. ವೈಟ್ ಹಾರ್ಸ್ ಹಿಲ್‌ನಿಂದ ಕಿಯಾ ಪಾಯಿಂಟ್‌ಗೆ ಹೋಗಿ ಬರಲು ಒಂದು ಗಂಟೆ ಸಾಕು. ಹುಕರ್ ಕಣಿವೆಯ ಹಾದಿ ಹೋಗಿ ಬರಲು 10 ಕಿಮೀ. 2025ರಲ್ಲಿ ಮೇಲಿನ ತೂಗುಸೇತುವೆ ಬದಲಿಸಲು ಅದರ ಕೊನೆಯ ಭಾಗ ಮುಚ್ಚಿದರು, ಹಾಗಾಗಿ ವಿಚಾರಿಸಿಕೊಂಡು ಹೊರಡಿ.

ಬೆಟ್ಟದ ಹೆಸರು ಆಓರಾಕಿ. 1998ರ ಒಪ್ಪಂದದಿಂದ ಆಓರಾಕಿ ಮೌಂಟ್ ಕುಕ್ ಅಂತ ಜೋಡಿ ಹೆಸರೇ ಅಧಿಕೃತ. ಎತ್ತರ 3724 ಮೀಟರ್. ಅಲ್ಲಿಯ ಮೂಲನಿವಾಸಿ ಮಾವೊರಿಗಳಲ್ಲಿ ನೈ ತಾಹು ಅನ್ನುವ ಜನರ ಕಥೆಯಲ್ಲಿ ಆಓರಾಕಿ ಆಕಾಶದ ಮಗ. ಅಣ್ಣತಮ್ಮಂದಿರ ಜೊತೆ ದೋಣಿಯಲ್ಲಿ ಬಂದ. ದೋಣಿ ವಾಲಿ ಕಲ್ಲಾಯಿತು, ಅದೇ ದಕ್ಷಿಣ ದ್ವೀಪ. ಅದರ ಮೇಲೆ ಹತ್ತಿ ನಿಂತವರೂ ಕಲ್ಲಾದರು. ನೈ ತಾಹು ಜನರಿಗೆ ಇವನು ಪೂರ್ವಿಕ, ಅದಕ್ಕೇ ತುದಿಯ ಮೇಲೆ ಕಾಲಿಡಬೇಡಿ ಅಂತ ಕೇಳಿಕೊಳ್ಳುತ್ತಾರೆ. ನಿಮ್ಮ ಅಪ್ಪ-ಅಮ್ಮನಿಗೆ ಈ ಕಥೆ ಹೇಳಿ. ಬೆಟ್ಟಕ್ಕೆ ಕೈಮುಗಿಯುವುದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ.

ಬಯಲುಸೀಮೆ

ವೈನ್ ಕುಡಿಯದವರಿಗೆ ವೈನ್ ಸೀಮೆಯಲ್ಲಿ ಏನಿದೆ? ಹಾಸನದವರ ಅಪ್ಪ-ಅಮ್ಮ ಕುಡಿಯುವವರಲ್ಲ ಅಂದುಕೊಳ್ಳುತ್ತೇನೆ. ತಿಕೋಟಾದವರ ಮನೆಯಲ್ಲಂತೂ ದ್ರಾಕ್ಷಿ ಅಂದರೆ ಒಣದ್ರಾಕ್ಷಿ. ಅಪ್ಪ ಏನು ಮಾಡಿದರು ಅಲ್ಲಿ? ಅದು ತಿಳಿಯುವ ಆಸೆ.

ತಿಕೋಟಾದ ಮಗಳು

ಅಣ್ಣಾ, ನೀವು ಕೇಳಿದ್ದೇ ಒಳ್ಳೆಯದಾಯಿತು. ನಾನು ಬರೆಯಬೇಕು ಅಂದುಕೊಂಡಿದ್ದು ಇದನ್ನೇ.

ನಮ್ಮ ಅಪ್ಪನಿಗೆ ತಿಕೋಟಾ ಹತ್ತಿರ 6 ಎಕರೆ ದ್ರಾಕ್ಷಿ. ಥಾಮ್ಸನ್ ಸೀಡ್‌ಲೆಸ್. ಎಲ್ಲವೂ ಶೆಡ್ಡಿಗೆ ಹೋಗಿ ಒಣದ್ರಾಕ್ಷಿ ಆಗುತ್ತದೆ. ಅಪ್ಪ ವೈನ್ ಮುಟ್ಟಿದವರಲ್ಲ. ಕ್ರಾಮ್‌ವೆಲ್ ಪಕ್ಕದ ಬ್ಯಾನಕ್‌ಬರ್ನ್‌ನಲ್ಲಿ ಒಂದು ತೋಟಕ್ಕೆ ಹೋದೆವು. ವೈನ್ ರುಚಿ ನೋಡುವ ಕೋಣೆಗೆ ಅಪ್ಪ ಬರಲೇ ಇಲ್ಲ. ಸೀದಾ ಬಳ್ಳಿಯ ಸಾಲಿನ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತರು.

ಬಳ್ಳಿ ಪೂರ್ತಿ ಬೋಳು. ಒಂದು ಎಲೆ ಇಲ್ಲ. ಸೊಂಟದೆತ್ತರಕ್ಕೆ ತಂತಿ, ಅದರ ಮೇಲೆ ಅಡ್ಡ ಮಲಗಿಸಿದ ಕಡ್ಡಿ. ಅಪ್ಪ ಹೆಬ್ಬೆರಳಿನಿಂದ ಚಿಗುರು ಒಡೆಯುವ ಒಂದು ಕಣ್ಣನ್ನು ಮುಟ್ಟಿ ನೋಡಿದರು. ಅಕ್ಟೋಬರ್ ಮೊದಲ ವಾರ ಅದು. ಕಣ್ಣು ಉಬ್ಬಿತ್ತು. ಹತ್ತಿಯಂಥ ಕಂದು ನೂಲಿನ ನಡುವೆ ತುದಿ ಮಾತ್ರ ತಿಳಿಗುಲಾಬಿ. "ಇನ್ನಾ ಎಂಟ್ ದಿನಕ್ಕ ಒಡೀತದ" ಅಂದರು. ಕತ್ತರಿಸಿದ ಜಾಗದಲ್ಲಿ ಬೆರಳಿಟ್ಟರು. ಒದ್ದೆಯಾಗಿತ್ತು, ಹನಿ ತೊಟ್ಟಿಕ್ಕುತ್ತಿತ್ತು. ಬೇರು ಎದ್ದಿದೆ ಅಂತ ಅದರ ಅರ್ಥವಂತೆ.

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಇವ್ರು ಚಾಟ್ನಿ ಎಷ್ಟ್ ಸಲ ಮಾಡ್ತಾರ?" ಗೊತ್ತಿಲ್ಲದವರಿಗೆ ಹೇಳುತ್ತೇನೆ, ಚಾಟ್ನಿ ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವುದು. ನಮ್ಮ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್‌ನಲ್ಲಿ ಒಂದು, ಕಡ್ಡಿ ಬೆಳೆಸಲಿಕ್ಕೆ. ಅಕ್ಟೋಬರ್‌ನಲ್ಲಿ ಇನ್ನೊಂದು, ಹಣ್ಣು ತೆಗೆಯಲಿಕ್ಕೆ. ನಮ್ಮಲ್ಲಿ ಚಳಿ ಸಾಲದು, ಬಳ್ಳಿ ತಾನಾಗಿ ಮಲಗುವುದಿಲ್ಲ. ಅದಕ್ಕೇ ಕತ್ತರಿ ಹಾಕಿ, ಕಣ್ಣಿಗೆ ಹೈಡ್ರೋಜನ್ ಸಯನಮೈಡ್ ಅನ್ನುವ ಔಷಧಿ ಹಚ್ಚಿ ಎಬ್ಬಿಸಬೇಕು. ಕೈಗೆ ಗವಸು ಹಾಕಿ ಒಂದೊಂದು ಕಣ್ಣಿಗೂ ಹಚ್ಚುವುದು ಎಷ್ಟು ಕೆಲಸ ಅಂತ ಮಾಡಿದವರಿಗೇ ಗೊತ್ತು. ಮೈಗೆ ತಾಗಿದರೆ ಉರಿ.

ಅಲ್ಲೊಬ್ಬ ಕೆಲಸದ ಹೆಣ್ಣುಮಗಳು ತಂತಿ ಕಟ್ಟುತ್ತಿದ್ದಳು. ನಾನು ನಡುವೆ ನಿಂತು ಮಾತು ದಾಟಿಸಿದೆ. ಒಂದೇ ಸಲ, ಚಳಿಗಾಲದಲ್ಲಿ ಅಂದಳು. ಹಣ್ಣು ಮಾರ್ಚ್ ಕೊನೆ, ಏಪ್ರಿಲ್‌ಗೆ. ಔಷಧಿ ಹಚ್ಚಿ ಎಬ್ಬಿಸುವುದಿಲ್ಲ. ಅಪ್ಪ ತಲೆ ಎತ್ತಿ ದೂರದ ಹಿಮದ ಬೆಟ್ಟ ನೋಡಿದರು. "ಹಂಗಾದ್ರ ಇಲ್ಲಿ ಥಂಡಿನ ಮಲಗಸ್ತದ, ಥಂಡಿನ ಎಬ್ಬಸ್ತದ" ಅಂದರು.

ಮೂರು ದಿನ ನಾವು ಬರೀ ಚಂದ ಅಂತ ನೋಡಿದ್ದ ಬೆಟ್ಟ ಆಗ ನನಗೆ ಬೇರೆ ಥರ ಕಾಣಿಸಿತು.

ಆ ಹುಡುಗಿ ಅಪ್ಪನಿಗೆ ತನ್ನ ಕತ್ತರಿ ಕೊಟ್ಟಳು. ಬ್ಯಾಟರಿ ಕತ್ತರಿ. ಅಪ್ಪ ಸಾಲಿನ ತುದಿಯಲ್ಲಿ ಬಿಟ್ಟುಹೋಗಿದ್ದ ಒಂದು ಕಡ್ಡಿ ಕತ್ತರಿಸಿ, ಇಷ್ಟುದ್ದ ಬಿಡಬೇಕಾ ಅಂತ ಬೆರಳಲ್ಲಿ ಕೇಳಿದರು. ಅವಳು ಹೆಬ್ಬೆರಳು ಎತ್ತಿದಳು. ನಮ್ಮಲ್ಲಿ ಡಾಗ್‌ರಿಡ್ಜ್ ಅನ್ನುವ ತಳಿಯ ಬೇರಿನ ಮೇಲೆ ಕಸಿ ಮಾಡುತ್ತೇವೆ ಅಂತ ಅಪ್ಪ ಹೇಳಿದರು. ಅವಳು ಆ ಹೆಸರನ್ನು ಕೈ ಮೇಲೆ ಬರೆದುಕೊಂಡಳು. ಒಂದು ಗಂಟೆ ಹೀಗೇ ಹೋಯಿತು. ಅಮ್ಮ ಅಷ್ಟರಲ್ಲಿ ವ್ಯಾನ್‌ನಲ್ಲಿ ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಯಾರು ಮಾಡಿ ಅವಳನ್ನೂ ಕರೆದು ಕೂರಿಸಿಕೊಂಡರು.

ದೊಡ್ಡಬಳ್ಳಾಪುರ

ಓದಿ ಕಣ್ಣು ತುಂಬಿತು ತಾಯಿ. ನಮ್ಮದು ಬೆಂಗಳೂರು ಬ್ಲೂ ತೋಟ. ಒಂದು ಪ್ರಶ್ನೆ. ಕಣ್ಣು ಒಡೆದ ಮೇಲೆ ಮಂಜು ಹೆಪ್ಪುಗಟ್ಟಿದರೆ ಎಳೆ ಚಿಗುರು ಕರಕಲಾಗುವುದಿಲ್ಲವಾ? ಅದಕ್ಕೆ ಅವರು ಏನು ಮಾಡುತ್ತಾರೆ?

ತಿಕೋಟಾದ ಮಗಳು

ಅದನ್ನು ಕಿವಿಯಾರೆ ಕೇಳಿದೆವು ಅಣ್ಣಾ. ಕ್ರಾಮ್‌ವೆಲ್‌ನ ಎರಡನೇ ರಾತ್ರಿ, ಬೆಳಗಿನ ಜಾವ 4 ಗಂಟೆ ಇರಬೇಕು. ಹೆಲಿಕಾಪ್ಟರ್ ಸದ್ದಿಗೆ ಎದ್ದೆವು. ಅಮ್ಮನಿಗೆ ಏನೋ ಅನಾಹುತ ಆಯಿತು ಅಂತ ಭಯ. ಕ್ಯಾಂಪಿನವರನ್ನು ಕೇಳಿದರೆ, ಬೇಗ ಚಿಗುರುವ ತೋಟಗಳಿಗೆ ಮಂಜಿನ ಕಾವಲು ಅಂದರು. ಗಾಳಿ ಇಲ್ಲದ ತಿಳಿ ರಾತ್ರಿ ತಣ್ಣನೆ ಗಾಳಿ ನೆಲಕ್ಕೆ ಕೂರುತ್ತದೆ, ಬೆಚ್ಚನೆಯದು ಮೇಲೆ ನಿಲ್ಲುತ್ತದೆ. ಹೆಲಿಕಾಪ್ಟರ್ ತೋಟದ ಮೇಲೆ ಸುತ್ತಿ ಆ ಬೆಚ್ಚನೆ ಗಾಳಿಯನ್ನು ಕೆಳಗೆ ತಳ್ಳುತ್ತದೆ. ಕಂಬದ ಮೇಲೆ ದೊಡ್ಡ ಫ್ಯಾನ್ ನಿಲ್ಲಿಸಿರುವ ತೋಟಗಳೂ ಇವೆ.

ಕೆಲವರು ತುಂತುರು ನೀರಾವರಿ ಬಿಡುತ್ತಾರೆ. ನೀರು ಚಿಗುರಿನ ಮೇಲೆ ಗಡ್ಡೆ ಕಟ್ಟುತ್ತದೆ. ಗಡ್ಡೆ ಕಟ್ಟುವಾಗ ನೀರು ಶಾಖ ಬಿಡುತ್ತದೆ, ಅದರಿಂದ ಒಳಗಿನ ಚಿಗುರು ಸೊನ್ನೆಯ ಹತ್ತಿರವೇ ಉಳಿದು ಬದುಕುತ್ತದೆ. ಬಿಸಿಲು ಏರುವವರೆಗೂ ನೀರು ನಿಲ್ಲಿಸುವ ಹಾಗಿಲ್ಲ. ಅಪ್ಪ ಕಾಲರ್ ಎತ್ತಿಕೊಂಡು ಹೊರಗೆ ನಿಂತು ಆ ಸದ್ದನ್ನೇ ಕೇಳುತ್ತಿದ್ದರು. "ನಮಗ ಆಣೆಕಲ್ಲಿನ ಚಿಂತಿ, ಇವರಿಗೆ ಇಬ್ಬನಿ ಚಿಂತಿ" ಅಂದರು. ಫೆಬ್ರುವರಿಯಲ್ಲಿ ಕೊಯ್ಲಿಗೆ ಬಂದ ತೋಟದ ಮೇಲೆ ಆಣೆಕಲ್ಲು ಬಿದ್ದ ವರ್ಷಗಳನ್ನು ನಮ್ಮ ಮನೆ ಮರೆತಿಲ್ಲ.

ಸಾಗರದ ಹುಡುಗ

ಆ ಸೀಮೆಗೆ ದ್ರಾಕ್ಷಿ ಬಂದ ಕಥೆಯೂ ಚೆನ್ನಾಗಿದೆ. ಮೊದಲು ಚಿನ್ನ. 1862ರಲ್ಲಿ ಅಲ್ಲಿಯ ನದಿಯಲ್ಲಿ ಚಿನ್ನ ಸಿಕ್ಕಿ ಜನ ಮುಗಿಬಿದ್ದರು. ಬ್ಯಾನಕ್‌ಬರ್ನ್‌ನಲ್ಲಿ ನೀರು ಹಾಯಿಸಿ ಗುಡ್ಡ ಕೊರೆದ ಗುರುತು ಈಗಲೂ ಇದೆ, ನಡೆದು ನೋಡಬಹುದು. 1864ರಲ್ಲಿ ಫೆರೋ ಅನ್ನುವ ಫ್ರೆಂಚ್ ಚಿನ್ನಗಾರ ಕ್ಲೈಡ್ ಹತ್ತಿರ ಬಳ್ಳಿ ನೆಟ್ಟ. ಆಮೇಲೆ ನೂರು ವರ್ಷಕ್ಕೂ ಮೇಲೆ ಹೆಚ್ಚೇನೂ ಆಗಲಿಲ್ಲ. ಇಷ್ಟು ಚಳಿಯಲ್ಲಿ ದ್ರಾಕ್ಷಿ ಬರಲ್ಲ ಅಂತ ನಂಬಿದ್ದರು. 1980ರ ದಶಕದಲ್ಲಿ ಕೆಲವೇ ಜನ ಹಟ ಹಿಡಿದು ಬೆಳೆದರು. ಅಲ್ಲಿಯ ಪಿನೋ ನುವಾರ್ ವ್ಯಾಪಾರಕ್ಕೆ ಬಂದದ್ದು 1987ರ ಬೆಳೆಯಿಂದ.

ಅದಕ್ಕೂ ಮೊದಲು, ಈ ಸೀಮೆ ಸೇರಿರುವ ಒಟಾಗೊ ಪ್ರಾಂತ್ಯದಲ್ಲಿ ಚಿನ್ನ ಕಂಡುಹಿಡಿದ ಹೆಸರು ಗೇಬ್ರಿಯಲ್ ರೀಡ್‌ಗೆ 1861ರಲ್ಲಿ ಬಂತು. ಅವನಿಗಿಂತ ಮೊದಲೇ ಟುವಪೀಕ ಕಡೆ ಚಿನ್ನ ಕಂಡವನು ಭಾರತದಿಂದ ಬಂದ ಎಡ್ವರ್ಡ್ ಪೀಟರ್ಸ್. ಬ್ಲ್ಯಾಕ್ ಪೀಟರ್ ಅಂತ ಕರೆಯುತ್ತಿದ್ದರು. ದೊಡ್ಡ ಬಹುಮಾನ ಅವನಿಗೆ ಸಿಗಲಿಲ್ಲ. ನಮ್ಮವರಿಗೆ ಈ ಹೆಸರು ಗೊತ್ತಿರಬೇಕು.

ಹಾಸನದ ಮಗ

ಅಮ್ಮ ಚಟ್ನಿಪುಡಿ, ಕೋಡುಬಳೆ ತರದೇ ಬಿಡಲ್ಲ. ಏರ್‌ಪೋರ್ಟಿನಲ್ಲಿ ತೊಂದರೆ ಆಗುತ್ತದಾ? ಮತ್ತೆ ಮಾರ್ಲ್‌ಬರೊ ವೈನ್ ಸೀಮೆ ಇನ್ನೂ ದೊಡ್ಡದು ಅಂತಾರೆ, ಅಲ್ಲಿಗೆ ಯಾಕೆ ಹೋಗಬಾರದು?

ಕಾಡುಮಲ್ಲಿಗೆ

ಎಲ್ಲವನ್ನೂ ದೇಶದೊಳಗೆ ಬರುವಾಗ ತುಂಬುವ ಅರ್ಜಿಯಲ್ಲಿ ತೋರಿಸಿ. ತೋರಿಸಿದರೆ ನೋಡಿ ಬಿಡುತ್ತಾರೆ, ಇಲ್ಲವೇ ಎತ್ತಿಟ್ಟುಕೊಳ್ಳುತ್ತಾರೆ, ದಂಡ ಇಲ್ಲ. ಬಚ್ಚಿಟ್ಟರೆ ಅಲ್ಲೇ 400 ಡಾಲರ್. ತಾಜಾ ಹಣ್ಣು, ಕರಿಬೇವು, ಬೀಜ ಬೇಡವೇ ಬೇಡ. ಹೊಲದಲ್ಲಿ ಹಾಕಿದ ಚಪ್ಪಲಿ, ಬೂಟು ತರುವುದಾದರೆ ತೊಳೆದು ತನ್ನಿ, ಅದನ್ನೂ ತೋರಿಸಿ.

ಮಾರ್ಲ್‌ಬರೊ ದ್ವೀಪದ ಇನ್ನೊಂದು ತುದಿ. ಮೌಂಟ್ ಕುಕ್‌ನಿಂದ 600 ಕಿಮೀ ಮೇಲೆ. ದಾರಿಯಲ್ಲಿ ಕೈಕೌರ ಕಡಲತೀರ ಬಹಳ ಚಂದ, ಸೀಲ್‌ಗಳು ಬಂಡೆ ಮೇಲೆ ಮಲಗಿರುತ್ತವೆ. ಆದರೆ ಅದಕ್ಕೇ ಬೇರೆ 6 ದಿನ ಬೇಕು.

ತಿಕೋಟಾದ ಮಗಳು

ಚಪ್ಪಲಿ ವಿಷಯ ಬಹಳ ಮುಖ್ಯ. ಫಿಲಾಕ್ಸರಾ ಅನ್ನುವ ಬೇರಿನ ಹೇನು ಮಣ್ಣಿನಲ್ಲೇ ದಾಟುತ್ತದೆ. ಅಪ್ಪ ಊರಿನಿಂದ ಹೊರಡುವಾಗಲೇ ಹೊಸ ಚಪ್ಪಲಿ ತಗೊಂಡರು. "ನಮ್ಮ ಮಣ್ಣು ಅವರ ತ್ವಾಟಕ್ಕ ಹೋಗಬಾರದು" ಅಂತ.

ವೈನ್ ರುಚಿ ನೋಡುವವರಿಗೆ ಒಂದು ಮಾತು. ಓಡಿಸುವವರು ಅವತ್ತು ಮುಟ್ಟಲೇಬೇಡಿ. ಇಲ್ಲಿ ಮಿತಿ 100 ಮಿಲೀ ರಕ್ತಕ್ಕೆ 50 ಮಿಗ್ರಾಂ. ಸಣ್ಣ ಸಣ್ಣ ಗುಟುಕು ಐದಾರು ಆದರೆ ಎಷ್ಟಾಯಿತು ಅಂತ ಗೊತ್ತಾಗುವುದಿಲ್ಲ. ನನ್ನ ಗಂಡ ಒಂದು ಬಾಟಲಿ ಕೊಂಡು ಮನೆಗೆ ತಂದರು, ಅಷ್ಟೇ.

ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ಇಲ್ಲಿ ಶಾಲೆಗಳಿಗೆ ರಜೆ ಇರುತ್ತದೆ. ಕರೆಂಟ್ ಇರುವ ಜಾಗಗಳನ್ನು ಮೊದಲೇ ಬುಕ್ ಮಾಡಿ. ಮೌಂಟ್ ಕುಕ್‌ನಲ್ಲಿ ಸೂಪರ್‌ಮಾರ್ಕೆಟ್ ಇಲ್ಲ. ಹಾಲು, ತರಕಾರಿ ಟೆಕಾಪೊದಲ್ಲೇ ತಗೊಳ್ಳಿ.

ಹಾಸನದ ಮಗ

ಹೊಸ ಲೆಕ್ಕ: ಟೆಕಾಪೊ 1, ಮೌಂಟ್ ಕುಕ್ 2, ಅದರಲ್ಲಿ ಒಂದು ರಾತ್ರಿ ರೂಮ್. ಕ್ರಾಮ್‌ವೆಲ್ 2. ಆರು ಜನರ ಗಾಡಿ. ಸರಪಳಿ. ಕ್ರೌನ್ ರೇಂಜ್ ಇಲ್ಲ. ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರದು ಕಾಫಿ ತೋಟ. "ಆ ತೋಟದ ಹುಡುಗಿ ಹತ್ರ ನಾನೂ ಮಾತಾಡ್ಬೇಕು ಕಣೋ" ಅಂದರು.

ತಿಕೋಟಾದ ಮಗಳು

ಮೂರು ವಾರ ಆದ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಅಪ್ಪ ನಿನ್ನೆ ಫೋನ್ ಮಾಡಿದ್ದರು. ಊರಿಗೆ ಮುಟ್ಟಿದ ವಾರವೇ ಅಕ್ಟೋಬರ್ ಚಾಟ್ನಿ ಮುಗಿಸಿದರಂತೆ. ಚಿಗುರು ಚೆನ್ನಾಗಿದೆ. ನನ್ನನ್ನು ಎರಡು ಸಲ ಕೇಳಿದರು, "ಆ ಬ್ಯಾನಕ್‌ಬರ್ನ್‌ದಾಗ ಎಷ್ಟ್ ಎಲಿ ಆಗ್ಯಾವ?" ಕ್ರೈಸ್ಟ್‌ಚರ್ಚ್‌ನಲ್ಲಿ ಕೂತು ನಾನು ಏನು ಹೇಳಲಿ? ಆ ಕಡೆ ಯಾರಾದರೂ ಇದ್ದೀರಾ?

ಕವರಾವ್ (ಕ್ವೀನ್ಸ್‌ಟೌನ್)

ನಾನು ಇಲ್ಲಿ ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ, ಊರು ದಾವಣಗೆರೆ. ಇವತ್ತು ರಜೆ. ಮಧ್ಯಾಹ್ನ ಬ್ಯಾನಕ್‌ಬರ್ನ್‌ಗೆ ಹೋಗಿ ಬಂದೆ. ರಸ್ತೆ ಪಕ್ಕದ ಸಾಲಿನಲ್ಲಿ ಹತ್ತು ಬಳ್ಳಿ ನೋಡಿದೆ, ಒಳಗೆ ಹೋಗಲಿಲ್ಲ. ಚಿಗುರು ಗೇಣುದ್ದ ಇಲ್ಲ. ನಾಲ್ಕು ಎಲೆ ಬಿಚ್ಚಿದೆ, ಐದನೆಯದು ಇನ್ನೂ ಮಡಚಿಕೊಂಡಿದೆ. ಎಲ್ಲೂ ಕರಕಲಾಗಿಲ್ಲ. ಬೆಟ್ಟದ ಮೇಲೆ ನಿನ್ನೆ ಹೊಸ ಹಿಮ ಬಿದ್ದಿದೆ. ಅಪ್ಪನಿಗೆ ಹೇಳಿ ಅಕ್ಕ.